ಬೀಜ ಸೋತಾಗ ಸೋಲಬೇಕಾದವರು ಯಾರು?

ದೇವದುರ್ಗದ ಕಪ್ಪು ನೆಲದಲ್ಲಿ ಹತ್ತಿ ಬಿತ್ತುವ ರೈತನಿಗೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಮಾನ್ವಿಯಲ್ಲಿ ಭತ್ತ ಬೆಳೆಯುವ ರೈತನಿಗೂ ಒಂದು ಸಾಮ್ಯವಿದೆ. ಇಬ್ಬರೂ ಮುಚ್ಚಿದ ಪ್ಯಾಕೆಟ್ಟನ್ನು ನಂಬುತ್ತಾರೆ. ಒಳಗಿರುವುದು ಎಂಥ ಬೀಜವೆಂದು ಕಣ್ಣಿನಿಂದ ನೋಡಿ ತಿಳಿಯುವಂತಿಲ್ಲ. ಬೆಳೆ ಬಂದರೆ ಕಂಪೆನಿಗೆ ಕೀರ್ತಿ. ಬಾರದಿದ್ದರೆ ಮಳೆ ಸರಿಯಿರಲಿಲ್ಲ, ಮಣ್ಣು ಸರಿಯಿರಲಿಲ್ಲ, ಗೊಬ್ಬರ ಸರಿಯಿರಲಿಲ್ಲ. ಬೀಜವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಅಪರಾಧಿಗಳು!

ಇಂಥ ಪ್ರಕರಣಗಳಲ್ಲಿ ಕಂಪೆನಿಗಳ ಪರವಾಗಿ ಮಂಡನೆಯಾಗುತ್ತಿದ್ದ ವಾದಗಳು ಮುಖ್ಯವಾಗಿ ಮೂರು. ಲಾಭಕ್ಕಾಗಿ ಬೆಳೆಯುವ ರೈತ ಗ್ರಾಹಕನೇ ಅಲ್ಲ. ಬೀಜಕ್ಕೆ 1966ರ ಬೀಜ ಕಾಯ್ದೆ ಇರುವಾಗ ಗ್ರಾಹಕ ವೇದಿಕೆಗೆ ಅಧಿಕಾರವಿಲ್ಲ. ಪ್ರಯೋಗಾಲಯದ ವರದಿ ಇಲ್ಲದೆ ದೋಷ ಸಾಬೀತಾಗದು. ಆಂಧ್ರದ ರೈತರ ವಿರುದ್ಧ ರಾಷ್ಟ್ರೀಯ ಬೀಜ ನಿಗಮವು ಇವನ್ನೇ ಸುಪ್ರೀಂ ಕೋರ್ಟಿನವರೆಗೆ ಕೊಂಡೊಯ್ದಿತು. 2012ರ ಜನವರಿಯಲ್ಲಿ ನ್ಯಾಯಾಲಯ ಮೂರನ್ನೂ ತಳ್ಳಿಹಾಕಿತು. ತಂದ ಬೀಜವನ್ನೆಲ್ಲ ಬಿತ್ತುವ ರೈತ, ಮುಂದೊಂದು ದಿನ ಮೊಕದ್ದಮೆ ಹೂಡಬೇಕಾದೀತೆಂದು ಒಂದು ಹಿಡಿ ಎತ್ತಿಡುತ್ತಾನೆಯೇ? ನಿಯಮದ ಪ್ರಕಾರ ಪ್ರತಿ ಲಾಟಿನ ದಾಖಲೆಯನ್ನೂ ಮಾದರಿಯನ್ನೂ ಕಾಪಾಡಬೇಕಾದವನು ಮಾರುವವನು. ಕೈಯಲ್ಲಿ ಮಾದರಿ ಇದ್ದವನು ಸುಮ್ಮನಿದ್ದು, ಇಲ್ಲದವನಿಂದ ಅದನ್ನು ಕೇಳುವುದು ಯಾವ ನ್ಯಾಯ?

ಹಾಗಂತ ಕಂಪೆನಿಯ ಪರ ವಾದಿಸುವುದೇ ಪಾಪವೆಂದಲ್ಲ. ಆರೋಪ ಹೊತ್ತವನಿಗೆ ತನ್ನ ಮಾತು ಹೇಳುವ ಹಕ್ಕಿದೆ. ಸುಳ್ಳು ದೂರು ಕೊಡುವವರು ನಮ್ಮ ನಡುವೆಯೂ ಇದ್ದಾರೆ. 2015ರಲ್ಲಿ ರಾಯಚೂರು ಸೀಮೆಯ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಬಿದ್ದಾಗಿನ ಚರ್ಚೆಯನ್ನೇ ನೋಡಿ. ಬಿಟಿ ಹತ್ತಿಯ ಸುತ್ತ ಬಿಟಿಯೇತರ ಹತ್ತಿಯ ಸಾಲುಗಳನ್ನು ಹಾಕದಿದ್ದುದರಿಂದ ಹುಳು ಬಿಟಿ ವಿಷಕ್ಕೆ ಒಗ್ಗಿಕೊಂಡಿತೆಂಬುದು ಉದ್ಯಮದ ಕಡೆಯ ವಾದ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಆ ಸಾಲುಗಳು ಏಕೆ ಬೇಕೆಂದು ರೈತನಿಗೆ ಅವನ ಭಾಷೆಯಲ್ಲಿ ತಿಳಿಸಿದವರು ಯಾರು? ತಿಳಿಸಿದ್ದರೆ ಅದು ಸಮರ್ಥನೆ. ತಿಳಿಸದಿದ್ದರೆ ಬರೀ ನುಣುಚಿಕೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ತಯಾರಿಕೆಯಲ್ಲಿ ಅಥವಾ ವಿನ್ಯಾಸದಲ್ಲಿ ದೋಷವಿದ್ದರೆ, ಬಳಕೆಯ ಸೂಚನೆ ಸಾಲದಿದ್ದರೆ ತಯಾರಕ ಹೊಣೆ. ಸ್ಪಷ್ಟ ಭರವಸೆ ಕೊಟ್ಟು ಸರಕು ಅದರಂತೆ ಇರದಿದ್ದರೆ, ತಾನು ಅಲಕ್ಷ್ಯ ತೋರಿಲ್ಲವೆಂದು ಸಾಬೀತುಪಡಿಸಿದರೂ ಆತ ಪಾರಾಗಲಾರ. ಇನ್ನೊಂದೆಡೆ, ಸರಕನ್ನು ದುರ್ಬಳಕೆ ಮಾಡಿ ಹಾನಿ ತಂದುಕೊಂಡವನು ಮಾರಾಟಗಾರನನ್ನು ಹಿಡಿಯುವಂತಿಲ್ಲ. ಎಲ್ಲರಿಗೂ ಗೊತ್ತಿರುವ ಅಪಾಯದ ಬಗ್ಗೆ ಎಚ್ಚರಿಸಲಿಲ್ಲವೆಂದು ತಯಾರಕನನ್ನೂ ದೂರುವಂತಿಲ್ಲ. ಕಾಯ್ದೆ ಇಬ್ಬರನ್ನೂ ನೋಡಿದೆ.

ಇಲ್ಲಿ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ ಒಂದು ಮಾತಿದೆ. ನಮ್ಮಲ್ಲಿ ಕೊಳ್ಳುವವರಷ್ಟೇ ಅಲ್ಲ, ಮಾರುವವರೂ ಇದ್ದಾರೆ. ತಯಾರಕ ಯಾರೆಂದು ಗೊತ್ತಿಲ್ಲದ ಸರಕು ಮಾರಿದರೆ, ಕಂಪೆನಿ ಹೇಳದ ಭರವಸೆಯನ್ನು ತಾನೇ ಕೊಟ್ಟರೆ, ತಯಾರಕನ ಎಚ್ಚರಿಕೆಯನ್ನು ಗಿರಾಕಿಗೆ ತಲಪಿಸದಿದ್ದರೆ ಅಂಗಡಿಯವನ ತಲೆಗೇ ಹೊಣೆ ಬರುತ್ತದೆ. ‘ಬಿಲ್ ಬೇಡ, ಹತ್ತು ರೂಪಾಯಿ ಕಡಿಮೆ ಮಾಡುತ್ತೇನೆ’ ಎನ್ನುವವನು ಆ ಹತ್ತು ರೂಪಾಯಿಗೆ ತನ್ನ ರಕ್ಷಣೆಯನ್ನೂ ಗಿರಾಕಿಯ ಹಕ್ಕನ್ನೂ ಮಾರಿಬಿಡುತ್ತಾನೆ.

ಆದ್ದರಿಂದ ಬಿಲ್ಲನ್ನೂ ಲಾಟ್ ಸಂಖ್ಯೆಯಿರುವ ಖಾಲಿ ಪ್ಯಾಕೆಟ್ಟನ್ನೂ ಎಸೆಯಬೇಡಿ. ಬೆಳೆ ಕೆಟ್ಟರೆ ಕಟಾವಿಗೆ ಮೊದಲೇ ಕೃಷಿ ಇಲಾಖೆಯವರನ್ನು ಹೊಲಕ್ಕೆ ಕರೆಸಿ ವರದಿ ಬರೆಸಿಕೊಳ್ಳಿ. ದೂರಿಗೆ ಎರಡು ವರ್ಷದ ಅವಧಿಯಿದೆ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪೆನಿಯ ಊರಿಗೆ ಅಲೆಯಬೇಕಿಲ್ಲ.

ವಕೀಲಿ ವೃತ್ತಿಗೆ ಇಳಿಯುತ್ತಿರುವ ನಮ್ಮ ಯುವಕ ಯುವತಿಯರಿಗೂ ಒಂದು ವಿನಂತಿ. ನಾಳೆ ನೀವು ಕಂಪೆನಿಯ ಪರ ನಿಂತರೆ ಧಾರಾಳವಾಗಿ ವಾದಿಸಿ. ಬೀಜ ಚೆನ್ನಾಗಿತ್ತೆಂದು ಸಾಬೀತುಪಡಿಸಿ ಗೆಲ್ಲಿ. ಆದರೆ ವಾಯಿದೆಯ ಮೇಲೆ ವಾಯಿದೆ ಪಡೆದು, ಸಾಲದಲ್ಲಿರುವ ಎದುರಾಳಿ ದಣಿದು ಮನೆಗೆ ಹೋಗುವುದನ್ನು ಕಾಯಬೇಡಿ. ಹಾಗೆ ಗೆದ್ದ ಮೊಕದ್ದಮೆಯಲ್ಲಿ ಬೀಜ ಒಳ್ಳೆಯದಿತ್ತೆಂದು ಸಾಬೀತಾಗುವುದಿಲ್ಲ. ರೈತ ಬಡವನಿದ್ದನೆಂದಷ್ಟೇ ಸಾಬೀತಾಗುತ್ತದೆ.