ಆಸೆಯೆಂಬ ಎತ್ತಿಗೆ ಮೂಗುದಾರ ಬೇಕು

ಪ್ರಪಂಚವೋ ಪರಮಾರ್ಥವೋ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಶ್ರಾವಣ ಮಾಸದಲ್ಲಿ ಊರ ಗುಡಿಯ ಕಟ್ಟೆಯ ಮೇಲೆ ಪುರಾಣ ಕೇಳಲು ಕುಳಿತ ಹಿರಿಯರು ಮಂಗಳಾರತಿಯಾದ ಮೇಲೆ ಕೈಮುಗಿದು ಕೇಳುವುದೂ ಇದನ್ನೇ: "ಹೊಲಮನಿ, ಹೆಂಡರು ಮಕ್ಕಳು ಅಂತ ಕಟಗೊಂಡ ನಮ್ಮಂಥವರಿಗೆ ಮುಕ್ತಿ ಹ್ಯಾಂಗ್ರೀ ಅಜ್ಜಾರ?" ಪ್ರಶ್ನೆ ಸರಳವಾದುದು. ಆದರೆ ಧರ್ಮಗ್ರಂಥಗಳೂ ದರ್ಶನಗಳೂ ಕಾವ್ಯಗಳೂ ಸಾವಿರಾರು ವರ್ಷಗಳಿಂದ ಉತ್ತರಿಸಲು ಹೆಣಗಿದ್ದು ಇದೇ ಪ್ರಶ್ನೆಗೆ.

ಆಸೆಯೇ ದುಃಖದ ಬೇರು ಎಂದು ಭಗವಾನ್ ಬುದ್ಧನು ಬೋಧಿಸಿದನು. ಜೈನಧರ್ಮವು ಅಪರಿಗ್ರಹವನ್ನು ಪಂಚವ್ರತಗಳಲ್ಲಿ ಒಂದಾಗಿ ಎಣಿಸಿತು. ವಿಷಯಗಳನ್ನೇ ನೆನೆಯುತ್ತ ಕುಳಿತವನಿಗೆ ಅವುಗಳ ಮೇಲೆ ಮೋಹ ಹುಟ್ಟುತ್ತದೆ, ಮೋಹದಿಂದ ಕಾಮ, ಕಾಮದಿಂದ ಕ್ರೋಧ ಬೆಳೆದು ಕೊನೆಗೆ ಬುದ್ಧಿಯೇ ಕೆಡುತ್ತದೆಂದು ಗೀತಾಚಾರ್ಯನು ಅರ್ಜುನನಿಗೆ ತಿಳಿಹೇಳಿದನು. ಆದರೂ ನಮ್ಮ ಪೂರ್ವಜರು ಅರ್ಥಕಾಮಗಳನ್ನು ಪುರುಷಾರ್ಥಗಳ ಸಾಲಿನಿಂದ ಹೊರಗೆ ಹಾಕಲಿಲ್ಲ. ಈಚೆ ಧರ್ಮ, ಆಚೆ ಮೋಕ್ಷ, ನಡುವೆ ಅರ್ಥ ಮತ್ತು ಕಾಮ. ಎರಡು ದಂಡೆಗಳ ನಡುವೆ ಹರಿವ ಹೊಳೆ ಊರಿಗೆ ಅನ್ನ ಕೊಡುತ್ತದೆ. ದಂಡೆ ಒಡೆದ ಹೊಳೆ ಅದೇ ಊರನ್ನು ಕೊಚ್ಚಿಕೊಂಡು ಹೋಗುತ್ತದೆ. ವರದೆ, ತುಂಗಭದ್ರೆಯರ ಮಹಾಪೂರ ಕಂಡ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಬೇಕಾದಷ್ಟು ಉಂಡು, ಆಸೆ ತೀರಿದ ಮೇಲೆ ದೇವರನ್ನು ನೆನೆದರಾಯಿತಲ್ಲವೇ ಎನ್ನುವವರಿದ್ದಾರೆ. ಅವರಿಗೆ ಮಹಾಭಾರತದ ಯಯಾತಿಯೇ ಉತ್ತರ. ಮಗನ ಯೌವನವನ್ನು ಕಡ ತೆಗೆದುಕೊಂಡು ಸಾವಿರ ವರುಷ ಭೋಗಿಸಿದರೂ ಆ ಅರಸನಿಗೆ ಸಾಕೆನಿಸಲಿಲ್ಲ. ಉರಿಗೆ ತುಪ್ಪ ಹೊಯ್ದಂತೆ ಆಸೆ ಬೆಳೆಯಿತೇ ಹೊರತು ತಣಿಯಲಿಲ್ಲ. ಹಾಗಾದರೆ ಎಲ್ಲ ಬಿಟ್ಟು ಅಡವಿಗೆ ಹೋದರಾಯಿತೇ? ಅದಕ್ಕೆ ವಿಶ್ವಾಮಿತ್ರನ ಕಥೆಯಿದೆ. ವಸಿಷ್ಠರ ಹೋಮಧೇನುವಿನ ಮೇಲೆ ಕಣ್ಣಿಟ್ಟ ಅರಸನು ಸೋತು, ಸಿಂಹಾಸನ ಬಿಟ್ಟು ತಪಕ್ಕೆ ಕುಳಿತ. ಅರಮನೆ ಹಿಂದೆ ಉಳಿಯಿತು, ಕಾಮಕ್ರೋಧಗಳು ಮಾತ್ರ ಅವನ ಬೆನ್ನು ಹತ್ತಿ ಬಂದವು. ಮೇನಕೆಯ ಮುಂದೆ ಒಮ್ಮೆ, ಸಿಟ್ಟಿನ ಮುಂದೆ ಹಲವು ಬಾರಿ ಅವನ ತಪಸ್ಸು ಸೂರೆಯಾಯಿತು. ಅವನ್ನು ಗೆದ್ದ ಮೇಲೆಯೇ ಬ್ರಹ್ಮರ್ಷಿ ಪದವಿ ದೊರೆತದ್ದು. 1909ರಲ್ಲಿ ನಮ್ಮ ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ತಮ್ಮ ಮಹಾಕಾವ್ಯ 'ಭಾರತ ಸಿಂಧುರಶ್ಮಿ'ಗೆ ಈ ವಿಶ್ವಾಮಿತ್ರನನ್ನೇ ನಾಯಕನನ್ನಾಗಿ ಆರಿಸಿಕೊಂಡದ್ದು ಅರ್ಥಪೂರ್ಣವಾಗಿದೆ. ದೂರದ ರಷ್ಯಾ ದೇಶದ ಟಾಲ್‌ಸ್ಟಾಯ್ ಮಹಾಶಯನೂ 1886ರಲ್ಲಿ ಒಬ್ಬ ರೈತನ ಕಥೆ ಬರೆದ. ಸೂರ್ಯ ಮುಳುಗುವುದರೊಳಗೆ ನಡೆದು ಸುತ್ತಿ ಬಂದಷ್ಟು ಭೂಮಿ ನಿನ್ನದು ಎಂದಾಗ ಅತಿಯಾಸೆಯಿಂದ ದೂರ ದೂರ ನಡೆದು, ಹಿಂದಿರುಗಲು ಓಡೋಡಿ ಬಂದು, ಎದೆಯೊಡೆದು ಬಿದ್ದ. ಅವನಿಗೆ ಕಡೆಗೆ ದಕ್ಕಿದ್ದು ಹೂಳುವಷ್ಟು ನೆಲ.

ಹೀಗೆ ಭೋಗಿಸಿದರೂ ತೀರದ, ಓಡಿಹೋದರೂ ಬಿಡದ ಈ ಆಸೆಗೆ ಮದ್ದೇನು? ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಉತ್ತರ ಇಲ್ಲಿ ದಾರಿದೀಪವಾಗುತ್ತದೆ. ದೋಷ ವಸ್ತುವಿನಲ್ಲಿಲ್ಲ, ಅದನ್ನು ತನ್ನದೆಂದು ಅಪ್ಪಿಕೊಳ್ಳುವ ಹಂಬಲದಲ್ಲಿದೆ ಎಂಬುದು ಪ್ರಭುದೇವರ ನಿಲುವು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಕೈಯಲ್ಲಿ ಹಿಡಿದೂ ಅದಕ್ಕೆ ಅಂಟಿಕೊಳ್ಳಲಿಲ್ಲ. ಅಕ್ಕಮಹಾದೇವಿಯು ಅರಮನೆಯನ್ನೇ ತೊರೆದು ನಡೆದಳು. ಸಂಸಾರಿಯೂ ವಿರಾಗಿಣಿಯೂ ಅನುಭವ ಮಂಟಪದಲ್ಲಿ ಸರಿಸಮನಾಗಿ ಕುಳಿತರು. ಕಾಯಕದಿಂದ ಗಳಿಸು, ದಾಸೋಹದಿಂದ ಹಂಚು ಎಂಬ ಎರಡು ಮಾತಿನಲ್ಲಿ ಗಳಿಕೆಗೂ ಭಕ್ತಿಗೂ ಇದ್ದ ಜಗಳ ತೀರಿತು.

ಆಯ್ದಕ್ಕಿ ದಂಪತಿಗಳ ಪ್ರಸಂಗವನ್ನು ನೆನೆಯಬೇಕು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಅವನು ಕದ್ದಿರಲಿಲ್ಲ, ಮೋಸ ಮಾಡಿರಲಿಲ್ಲ. ಆದರೂ ಲಕ್ಕಮ್ಮ ಒಪ್ಪಲಿಲ್ಲ. ನಮಗೆ ನಿತ್ಯ ಬೇಕಾದಷ್ಟೇ ಸಾಕು, ಮಿಕ್ಕಿದ್ದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಮರಳಿ ಕಳಿಸಿದಳು. ಆಸೆ ಅರಸರಿಗಷ್ಟೇ ಬರುವ ರೋಗವಲ್ಲ, ಬಡವನ ಮಡಿಲಲ್ಲಿಯೂ ಮೊಳೆಯಬಲ್ಲದು. ಮೊಳಕೆಯಲ್ಲಿಯೇ ಅದನ್ನು ಕಂಡವಳು ಆ ತಾಯಿ.

ನಮ್ಮ ಸೀಮೆಯ ಮಣ್ಣಿನಲ್ಲಿಯೂ ಈ ಬೆಳಕು ಆರಲಿಲ್ಲ. ಶಿಗ್ಗಾಂವಿ ತಾಲೂಕಿನ ಬಾಡದ ತಿಮ್ಮಪ್ಪನಾಯಕನಿಗೆ ಕೊಪ್ಪರಿಗೆ ಹೊನ್ನು ಸಿಕ್ಕಿ ಕನಕನೆಂಬ ಹೆಸರಾಯಿತೆಂಬ ಪ್ರತೀತಿಯಿದೆ. ಆತ ಆ ಹೊನ್ನನ್ನು ಹೂತಿಡದೆ ಕಾಗಿನೆಲೆಯ ಆದಿಕೇಶವನ ಸೇವೆಗೆ ಸಲ್ಲಿಸಿದ, ಮುಂದೆ ಕತ್ತಿ ಬಿಟ್ಟು ತಂಬೂರಿ ಹಿಡಿದು ದಾಸನಾದ. ಅದೇ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಜನಿಸಿದ ಷರೀಫ ಸಾಹೇಬರು ಮಾಸ್ತರಿಕೆ ಮಾಡಿದರು, ಸಂಸಾರ ಕಟ್ಟಿದರು, ಮಡದಿ ಮಗಳನ್ನು ಕಳೆದುಕೊಂಡರು. ಕಳಸದ ಗೋವಿಂದ ಭಟ್ಟರಲ್ಲಿ ಗುರುವನ್ನು ಕಂಡು, ಬೀಸುವ ಕಲ್ಲು, ಸೋರುವ ಮನೆಗಳಲ್ಲಿಯೇ ತತ್ವವನ್ನು ತೋರಿಸಿ ಹಾಡಿದರು. ಹಿರೇಕೆರೂರ ಸೀಮೆಯ ಅಬಲೂರು, ಮಾಸೂರುಗಳ ಹೆಸರಿನೊಡನೆ ಹೆಣೆದುಕೊಂಡಿರುವ ಸರ್ವಜ್ಞನು ಭಿಕ್ಷಾಪಾತ್ರೆಯ ಹೊರತು ಏನನ್ನೂ ಕೂಡಿಡಲಿಲ್ಲ. ಸಾಲದ ಕುರಿತು ಅವನಾಡಿದ ತ್ರಿಪದಿ ನಮ್ಮ ಯಾವ ಹಿರಿಯರಿಗೆ ಬಾಯಿಪಾಠವಿಲ್ಲ?

ಇನ್ನು ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು. 1867ರಲ್ಲಿ ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಅವತರಿಸಿ, ಹಾನಗಲ್ಲ ವಿರಕ್ತಮಠದ ಪೀಠವೇರಿದ ಪೂಜ್ಯರು ವಿರಕ್ತರಾಗಿದ್ದರು, ನಿಜ. ಆದರೆ ಅವರಿಗೆ ಆಸೆಯೇ ಇರಲಿಲ್ಲವೆನ್ನಬಹುದೇ? ಬೆಟ್ಟದಷ್ಟು ಆಸೆಯಿತ್ತು. ಸಮಾಜ ಒಂದಾಗಬೇಕೆಂಬ ಆಸೆಯಿಂದ 1904ರಲ್ಲಿ ವೀರಶೈವ ಮಹಾಸಭೆಯನ್ನು ಕಟ್ಟಿದರು. ಮಠಗಳಿಗೆ ಯೋಗ್ಯ ಸ್ವಾಮಿಗಳು ದೊರೆಯಬೇಕೆಂಬ ಆಸೆಯಿಂದ 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ನಿಲ್ಲಿಸಿದರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಬಾಲಕನನ್ನು ಕರೆತಂದು ಸಂಗೀತ ಕಲಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯರೇ 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳಿಗೆ ಅನ್ನವೂ ಸ್ವರವೂ ದೊರೆತದ್ದು ಆ ಒಂದು ಆಸೆಯ ಫಲ. ಆಸೆಯಲ್ಲಿ 'ನನಗೆ' ಎಂಬುದು ಅಳಿದಾಗ ಅದೇ ಸಂಕಲ್ಪವಾಗುತ್ತದೆ.

ಈ ಮಾತುಗಳನ್ನೆಲ್ಲ ಪುರಾಣದ ಕಟ್ಟೆಯ ಮೇಲೆ ಕೇಳಿ ತಲೆದೂಗಿ, ಮನೆಗೆ ಹೋಗಿ ಮರೆತರೆ ಏನು ಪ್ರಯೋಜನ? ಇಂದು ನಮ್ಮ ಹಳ್ಳಿಗಳಲ್ಲಿ ನಡೆಯುತ್ತಿರುವುದನ್ನು ಕಣ್ಣುಬಿಟ್ಟು ನೋಡಬೇಕು. ಮೆಕ್ಕೆಜೋಳವೋ ಹತ್ತಿಯೋ ಒಂದು ವರ್ಷ ಕೈಹಿಡಿದರೆ ಮರುವರ್ಷ ಕೈಕೊಡುತ್ತದೆ. ಬೀಜ ಗೊಬ್ಬರಕ್ಕೆ ಮಾಡಿದ ಸಾಲ ತಪ್ಪಲ್ಲ, ಅದು ಕಾಯಕದ ಸಾಲ. ಮಳೆ ಹೋಗಿ, ದರ ಬಿದ್ದು ರೈತ ಸೋತರೆ ಅದನ್ನು ಅವನ ಆಸೆಯ ತಪ್ಪೆನ್ನುವುದು ಅನ್ಯಾಯ. ಆದರೆ ಬೀಗರು ಮೆಚ್ಚಲೆಂದು ಎಕರೆ ಹೊಲ ಗಿರವಿಯಿಟ್ಟು ಮಗಳ ಮದುವೆಯನ್ನು ದೊಡ್ಡ ಕಲ್ಯಾಣ ಮಂಟಪದಲ್ಲಿ ಮಾಡುವ ಸಾಲ ಯಾರಿಗಾಗಿ? ಒಂದೇ ದಿನದಲ್ಲಿ ಶ್ರೀಮಂತನಾಗುವ ಹುಚ್ಚಿನಿಂದ ಮೊಬೈಲಿನಲ್ಲಿ ಜೂಜಾಡಿ, ಅಪ್ಪನ ಪೀಕಿನ ಹಣ ಕಳೆದು ಮುಖ ತೋರಿಸಲಾರದ ಹುಡುಗನಿಗೆ ಯಾರು ಹೊಣೆ? ಒಡಹುಟ್ಟಿದವರು ಒಂದು ಬದುವಿಗಾಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದು, ಬದುವಿನ ಬೆಲೆಯ ಹತ್ತು ಪಟ್ಟನ್ನು ವಕೀಲರಿಗೆ ಸಲ್ಲಿಸುವುದನ್ನು ಕಾಣದವರಾರು?

ಬುದ್ಧಿ ಹೇಳುವಾಗ ಮಠಗಳನ್ನು ಬಿಟ್ಟು ಹೇಳಿದರೆ ಅದು ಅರ್ಧ ಮಾತು. ಭಕ್ತನಿಗೆ ವೈರಾಗ್ಯ ಬೋಧಿಸುವ ಪೀಠಗಳು ಬೆಳ್ಳಿ ಸಿಂಹಾಸನ, ಚಿನ್ನದ ಕಿರೀಟಗಳಿಗೆ ಮನಸೋಲಬಾರದು. ಜಾತ್ರೆಯ ವೈಭವಕ್ಕೆ ಸಾಲ ಮಾಡಿ ಪಟ್ಟಿ ಕೊಡುವ ಭಕ್ತನನ್ನು ತಡೆದು, 'ಬೇಡಪ್ಪಾ, ಮೊದಲು ಮಗನ ಶಾಲೆಯ ಫೀ ಕಟ್ಟು' ಎನ್ನುವ ಸ್ವಾಮಿಗಳೇ ಕುಮಾರ ಶಿವಯೋಗಿಗಳ ಹಾದಿಯಲ್ಲಿರುವವರು. ಅನೇಕ ಮಠಗಳು ಸಾಮೂಹಿಕ ವಿವಾಹಗಳನ್ನು ನಡೆಸುತ್ತಿರುವುದು ಸ್ತುತ್ಯವಾದುದು. ಆದರೆ ಅವು ಬಡವರ ಪಂಕ್ತಿಯೆನಿಸಿಕೊಳ್ಳಬಾರದು. ಊರ ಗೌಡರೂ ಶ್ರೀಮಂತರೂ ತಮ್ಮ ಮಕ್ಕಳನ್ನು ಅದೇ ಹಂದರದಲ್ಲಿ ಕೂಡ್ರಿಸಿದ ದಿನ, ಹತ್ತು ಬಡವರ ಹೊಲ ಗಿರವಿಯಿಂದ ಉಳಿಯುತ್ತದೆ.

ಹಿರಿಯರೇ, ಆಸೆ ಕೊಟ್ಟಿಗೆಯ ಎತ್ತಿನಂತೆ. ಕೊಂದರೆ ಬೇಸಾಯವಿಲ್ಲ, ಬಿಚ್ಚಿಬಿಟ್ಟರೆ ಬೆಳೆಯಿಲ್ಲ. ಮೂಗುದಾರ ಹಾಕಿ ನೊಗಕ್ಕೆ ಹೂಡಿದರೆ ಅದೇ ಎತ್ತು ಊರಿಗೆ ಅನ್ನ ಕೊಡುತ್ತದೆ. ಮನೆಯಲ್ಲಿ ಹೊಸ ಖರ್ಚಿನ ಮಾತು ಬಂದಾಗಲೆಲ್ಲ ಎರಡು ಪ್ರಶ್ನೆ ಕೇಳುವ ರೂಢಿಯನ್ನು ಮಕ್ಕಳಿಗೆ ಹಾಕಿಕೊಡಿರಿ: ಇದು ನಮಗೆ ಬೇಕೋ, ನಾಲ್ಕು ಜನ ನೋಡಲೆಂದು ಬೇಕೋ? ಇದರಲ್ಲಿ ಹಸಿದವನ ಪಾಲೆಷ್ಟು? ಬೆಳಿಗ್ಗೆ ಇಷ್ಟಲಿಂಗದ ಮುಂದೆ ಕುಳಿತಾಗ ಈ ಎರಡಕ್ಕೂ ನಾಚದೆ ಉತ್ತರ ಕೊಡಬಲ್ಲವನಿಗೆ ಕಾಶಿಯೂ ಬೇಡ, ಕಾಡೂ ಬೇಡ. ಅವನ ಹೊಲಮನೆಯೇ ತಪೋವನ, ಅವನ ದುಡಿಮೆಯೇ ಪೂಜೆ. ಅಂಥ ಬಾಳು ನಮ್ಮ ನಾಡಿನ ಮನೆ ಮನೆಗೂ ಲಭಿಸಲಿ.