ಕಡಲಿನ ಕಿರುಜೀವಿಗಳೂ ನಮ್ಮ ಗದ್ದೆಗಳೂ

"ಸಿಂಧನೂರು ಸೀಮೆಯವರಿಗೆ ಸಮುದ್ರದ ಚಿಂತೆ ಏತಕ್ಕೆ?" ಎಂದು ಕೇಳುವವರು ಉಂಟು. ಪ್ರಶ್ನೆಯು ಸಹಜವಾದುದೇ. ತುಂಗಭದ್ರೆಯ ದಡದ ಮುಕ್ಕುಂದಕ್ಕೆ ಪಡುವಣ ಕಡಲೂ ದೂರ, ಮೂಡಣ ಕಡಲೂ ದೂರ. ನಮ್ಮ ಮಕ್ಕಳಲ್ಲಿ ಅನೇಕರು ಸಮುದ್ರವನ್ನು ಭೂಪಟದ ನೀಲಿ ಬಣ್ಣದಲ್ಲಿ ಮಾತ್ರವೇ ಕಂಡವರು. ಆದರೂ ಕಡಲಿನೊಳಗಣ ಜೀವರಾಶಿಗೆ ನಾವು ಋಣಿಗಳಾಗಿರುತ್ತೇವೆಂಬುದೂ, ಆ ಋಣವನ್ನು ತೀರಿಸುವ ಭಾರವು ಒಳನಾಡಿನವರ ಮೇಲೆಯೂ ಇರುವುದೆಂಬುದೂ ನನ್ನ ದೃಢವಾದ ಅಭಿಪ್ರಾಯವು.

ಋಣವು ಯಾವುದು? ಬಿಸಿಲು ತಾಗುವಷ್ಟು ಆಳದವರೆಗೆ ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಹಸುರು ಜೀವಕಣಗಳು ತೇಲುತ್ತಿರುವುವು. ಇವು ಗಿಡಮರಗಳಂತೆಯೇ ಬೆಳಕಿನ ಬಲದಿಂದ ಇಂಗಾಲಾಮ್ಲ ವಾಯುವನ್ನು ಹೀರಿ ಆಮ್ಲಜನಕವನ್ನು ಬಿಡುವುವು. ಲೋಕದಲ್ಲಿ ಹೀಗೆ ಹುಟ್ಟುವ ಆಮ್ಲಜನಕದಲ್ಲಿ ಸುಮಾರು ಅರ್ಧ ಪಾಲು ಕಡಲಿನದು. ಇವುಗಳಲ್ಲಿ ಅತ್ಯಂತ ಕಿರಿದೂ ಎಣಿಕೆಯಲ್ಲಿ ಅತ್ಯಂತ ಹೆಚ್ಚಿನದೂ ಆದ ಪ್ರೊಕ್ಲೊರೊಕಾಕಸ್ ಎಂಬುದನ್ನು 1988ರಲ್ಲಿ ಲೋಕಕ್ಕೆ ತಿಳಿಯಪಡಿಸಿದವರು ಸ್ಯಾಲಿ ಚಿಸಮ್ ಎಂಬ ಅಮೆರಿಕದ ವಿದುಷಿಯೂ ಆಕೆಯ ಸಂಗಡಿಗರೂ. ವಿಜ್ಞಾನವನ್ನು ಓದುವ ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ನೆನಪಿನಲ್ಲಿಡತಕ್ಕದ್ದು.

ಈ ಕಣಗಳನ್ನು ತಿಂದು ಬದುಕುವ ಪ್ರಾಣಿಗಳ ಮಲವೂ ಸತ್ತವುಗಳ ದೇಹವೂ ಆಳಕ್ಕೆ ಇಳಿಯುವಾಗ, ಗಾಳಿಯಿಂದ ಹೀರಿದ ಇಂಗಾಲದ ಒಂದಂಶವು ಅವುಗಳೊಡನೆ ಇಳಿದು ಬಹುಕಾಲ ಅಲ್ಲಿಯೇ ಉಳಿಯುವುದು. ಈ ಕೆಲಸವು ನಿಂತುಹೋದರೆ ಗಾಳಿಯಲ್ಲಿ ಇಂಗಾಲಾಮ್ಲವು ಹೆಚ್ಚಿ, ಭೂಮಿಯ ತಾಪವೂ ಏರುವುದು. ತಾಪವೆಂದರೇನೆಂಬುದನ್ನು ರಾಯಚೂರು ಜಿಲ್ಲೆಯವರಿಗೆ ವಿವರಿಸಬೇಕಾದುದಿಲ್ಲ.

ಇನ್ನು ನಮ್ಮ ನಾಡಿನ ಕರಾವಳಿಯನ್ನು ನೋಡೋಣ. ಮುಂಗಾರಿನ ಕಾಲದಲ್ಲಿ ಆಳದ ತಣ್ಣೀರು ಮೇಲಕ್ಕೆ ಉಕ್ಕಿ, ತಳದ ಸಾರವನ್ನು ಹೊತ್ತು ತರುವುದು. ಆಗ ಹಸುರು ಕಣಗಳು ಹುಲುಸಾಗಿ ಬೆಳೆಯುವುವು. ಅವುಗಳನ್ನು ಬೂತಾಯಿಯು ತಿನ್ನುವುದು. ಬೂತಾಯಿಯನ್ನು ದೊಡ್ಡ ಮೀನುಗಳೂ ಡಾಲ್ಫಿನ್ನುಗಳೂ ಕಡಲಹಕ್ಕಿಗಳೂ ತಿನ್ನುವುವು. ಇವೆಲ್ಲವುಗಳ ಹೊಲಸು ತಿರುಗಿ ಕಣಗಳಿಗೆ ಗೊಬ್ಬರವಾಗುವುದು. ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹಾಕುವ ಜಾಣ ಒಕ್ಕಲಿಗನಂತೆ ಕಡಲೂ ಏನನ್ನೂ ವ್ಯರ್ಥಮಾಡದು.

ಈ ಸರಪಳಿಯಲ್ಲಿ ಒಂದು ಕೊಂಡಿಯನ್ನು ಕಿತ್ತರೆ ಉಳಿದವು ಸಡಿಲವಾಗುವುವು. ಮೊಟ್ಟೆಯಿಡುವ ಮೊದಲೇ ಮರಿಮೀನುಗಳನ್ನು ಸಣ್ಣ ಕಣ್ಣಿನ ಬಲೆಗಳಿಂದ ಬಾಚಿ, ಮೀನಿನ ಹಿಟ್ಟನ್ನೂ ಎಣ್ಣೆಯನ್ನೂ ತೆಗೆಯುವ ಕಾರ್ಖಾನೆಗಳಿಗೆ ಸಾಗಿಸುವುದು ಇಂಥ ಕೆಲಸವಾಗಿದೆ. ಆ ಹಿಟ್ಟು ಕೋಳಿಗೂ ಕೆರೆಮೀನಿಗೂ ಆಹಾರವಾಗುವುದಾದುದರಿಂದ, ಕಡಲನ್ನು ಕಾಣದ ನಾವೂ ಅದರಲ್ಲಿ ಪಾಲುಗಾರರು. ಮೀನುಗಾರಿಕೆಯ ಕಟ್ಟುಪಾಡಿಗಾಗಿ ನಮ್ಮ ರಾಜ್ಯವು 1986ರಲ್ಲಿ ಕಾಯಿದೆಯನ್ನು ಮಾಡಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯತಕ್ಕದ್ದಲ್ಲ. ಇದರಿಂದ ಬಡವರ ಅನ್ನಕ್ಕೆ ಕುಂದಾಗುವುದಿಲ್ಲವೇ ಎಂದು ಕೆಲವರು ಕೇಳುವರು. ಆ ದಿನಗಳಲ್ಲಿ ಅವರ ಕಷ್ಟಕ್ಕೆ ಸರಕಾರವು ನೆರವಾಗಬೇಕಾದುದು ನ್ಯಾಯವೇ. ಆದರೆ ಬೂತಾಯಿ ಬರಿದಾದ ವರುಷ, ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸಿಗೆ ಯಾವ ದಿಕ್ಕು? ಬಿತ್ತುವ ಬೀಜವನ್ನೇ ಬೇಯಿಸಿ ಉಣ್ಣುವವನನ್ನು ನಾವು ಜಾಣನೆನ್ನುವೆವೋ?

ಕರಾವಳಿಯವರಿಗೆ ಬುದ್ಧಿ ಹೇಳಿ ನಾವು ಸುಮ್ಮನಿರುವುದು ಸರಿಯಲ್ಲ. 1953ರಲ್ಲಿ ಹೊಸಪೇಟೆಯ ಬಳಿಯ ಅಣೆಕಟ್ಟಿನಲ್ಲಿ ನೀರು ನಿಂತಿತು; ಎಡದಂಡೆಯ ಕಾಲುವೆಯು ನಮ್ಮ ಸೀಮೆಯಲ್ಲಿ ಭತ್ತವನ್ನು ಬೆಳೆಯಿಸಿತು. ಭತ್ತದೊಡನೆ ಯೂರಿಯಾ ಮೊದಲಾದ ಗೊಬ್ಬರಗಳೂ ಬಂದವು. ಪೈರು ಉಣ್ಣದೆ ಬಿಟ್ಟ ಗೊಬ್ಬರವು ಗದ್ದೆಯಿಂದ ಹಳ್ಳಕ್ಕೂ, ಹಳ್ಳದಿಂದ ತುಂಗಭದ್ರೆಗೂ, ಅಲ್ಲಿಂದ ಕೃಷ್ಣೆಗೂ ಇಳಿಯುವುದು. ನಡುವೆ ಶ್ರೀಶೈಲ, ನಾಗಾರ್ಜುನಸಾಗರಗಳ ಕಟ್ಟೆಗಳು ಒಂದಿಷ್ಟನ್ನು ತಡೆದರೂ, ಕೃಷ್ಣೆಯು ಕೊನೆಗೆ ಬಂಗಾಳ ಕೊಲ್ಲಿಯನ್ನೇ ಸೇರುವಳು. ಗೊಬ್ಬರವು ಅತಿಯಾದ ನೀರಿನಲ್ಲಿ ಪಾಚಿಯು ಮಿತಿಮೀರಿ ಬೆಳೆದು, ಸತ್ತು, ಕೊಳೆಯುವಾಗ ನೀರಿನ ಆಮ್ಲಜನಕವನ್ನು ಮುಗಿಸಿಬಿಡುವುದು. ಓಡಿಹೋಗಲಾರದ ಪ್ರಾಣಿಗಳು ಉಸಿರುಕಟ್ಟಿ ಸಾಯುವುವು. ಅಮೆರಿಕದ ನಡುನಾಡಿನ ಮೆಕ್ಕೆಜೋಳದ ಹೊಲಗಳ ಗೊಬ್ಬರವು ಮಿಸಿಸಿಪಿ ನದಿಯಲ್ಲಿ ಹರಿದು, ಮೆಕ್ಸಿಕೋ ಕೊಲ್ಲಿಯಲ್ಲಿ ಬೇಸಗೆ ಬೇಸಗೆಗೂ ಇಂಥ ಮೃತವಲಯವನ್ನು ಉಂಟುಮಾಡುತ್ತಿದೆ. ಆ ಹೊಲಗಳವರೂ ನಮ್ಮಂತೆಯೇ ಕಡಲಿನಿಂದ ದೂರವಿರುವವರು.

ಆದುದರಿಂದ ನಾವು ಮಾಡತಕ್ಕದ್ದೇನು? ಮಣ್ಣನ್ನು ಪರೀಕ್ಷೆ ಮಾಡಿಸಿ, ಪೈರಿಗೆ ಬೇಕಾದಷ್ಟನ್ನೇ ಎರಡು ಮೂರು ಸಲ ಹಂಚಿ ಹಾಕಬೇಕು. ಗೊಬ್ಬರವೆರಚಿದ ಒಡನೆಯೇ ಗದ್ದೆಯ ನೀರನ್ನು ಹಳ್ಳಕ್ಕೆ ಬಿಡಬಾರದು. ಬದುವಿನ ಹುಲ್ಲನ್ನು ಉಳಿಸಬೇಕು. ಇದರಿಂದ ಕಡಲಿಗೆ ಉಪಕಾರ, ರೈತನಿಗೆ ಹಣದ ಉಳಿತಾಯ. ಹೊಳೆಗೆ ಪ್ಲಾಸ್ಟಿಕ್ಕನ್ನೂ ಊರಿನ ಕೊಳೆಯನ್ನೂ ಬಿಡಬಾರದೆಂಬುದನ್ನು ಬೇರೆ ಹೇಳಬೇಕೇ?

ಪೋಷಕರೇ, ನಿಮ್ಮ ಮಗಳು ಗೊಬ್ಬರದ ಲೆಕ್ಕವನ್ನು ಕೇಳಿದರೆ, ಅದು ಗಂಡಸರ ವಿಷಯವೆಂದು ಬಾಯಿ ಮುಚ್ಚಿಸಬೇಡಿರಿ. ಪೂರ್ವವಿದ್ಯಾರ್ಥಿನಿಯರಾದ ಸೋದರಿಯರೇ, ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕಿಯರು, ಅನೇಕರು ಒಕ್ಕಲುತನದ ಮನೆಗಳ ಯಜಮಾನಿಯರು. ಕಡಲಿನ ಪಾಠವನ್ನು ಪುಸ್ತಕದ ಕಡೆಯ ಪುಟದಲ್ಲಿ ಬಿಡದೆ ಊರಿನ ಹಳ್ಳದಿಂದಲೇ ಆರಂಭಿಸಿರಿ. ಕಡಲಿಗೆ ಹೋಗುವ ದಾರಿಯು ಅಲ್ಲಿಂದಲೇ ತೊಡಗುವುದು.