ತಹುವಾಟದಲ್ಲಿ ಒಬ್ಬನೇ

1797ರ ಜೂನ್ ತಿಂಗಳು. ತಾಹಿತಿಯಿಂದ ಸುಮಾರು 1,400 ಕಿ.ಮೀ. ಈಶಾನ್ಯಕ್ಕಿರುವ ಮಾರ್ಕೇಸಸ್ ದ್ವೀಪಸಮೂಹದ ತಹುವಾಟ ಎಂಬ ಪುಟ್ಟ ದ್ವೀಪದಲ್ಲಿ ‘ಡಫ್’ ಎಂಬ ಇಂಗ್ಲಿಷ್ ಹಡಗು ಲಂಗರು ಹಾಕಿತು. ಅಲ್ಲಿ ನೆಲೆಸಬೇಕೆಂದು ಬಂದಿದ್ದ ಮಿಷನರಿಗಳು ಇಬ್ಬರು. ಒಬ್ಬ ಜಾನ್ ಹ್ಯಾರಿಸ್, ನಲವತ್ತರ ಹತ್ತಿರದವನು. ಇನ್ನೊಬ್ಬ ವಿಲಿಯಂ ಪ್ಯಾಸ್ಕೋ ಕ್ರೂಕ್. ಇವನಿಗೆ 22ರ ಆಸುಪಾಸು. ನಮ್ಮ ಹುಡುಗರು ಡಿಗ್ರಿ ಮುಗಿಸಿ ಮುಂದೇನು ಎಂದು ತಲೆ ಕೆರೆದುಕೊಳ್ಳುವ ವಯಸ್ಸು.

ಹಡಗಿನ ಕಪ್ತಾನ ಜೇಮ್ಸ್ ವಿಲ್ಸನ್ನನಿಗೂ ನಮ್ಮ ನಾಡಿಗೂ ಒಂದು ನಂಟುಂಟು. ಇಂಗ್ಲಿಷರಿಗೂ ಹೈದರಾಲಿಗೂ ಯುದ್ಧ ನಡೆದಾಗ ಸೆರೆಸಿಕ್ಕಿ, ಶ್ರೀರಂಗಪಟ್ಟಣದಲ್ಲಿ ಕೈಕಾಲಿಗೆ ಸಂಕೋಲೆ ತೊಡಿಸಿಕೊಂಡು ಎರಡು ವರ್ಷದ ಹತ್ತಿರ ಕಳೆದವನು ಈತ. ಹಡಗನ್ನು ಕಳಿಸಿದ್ದು ಲಂಡನ್ ಮಿಷನರಿ ಸೊಸೈಟಿ. ಮುಂದೆ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಕೂಡ ಇದೇ ಸಂಸ್ಥೆಯವನು.

ದ್ವೀಪದ ಮುಖ್ಯಸ್ಥ ತೆನಾಯೆ ಇಬ್ಬರನ್ನೂ ಆದರದಿಂದಲೇ ಬರಮಾಡಿಕೊಂಡ. ಊಟಕ್ಕೆ ಸಿಕ್ಕಿದ್ದು ದೀವಿಹಲಸಿನ ಹುಳಿ ಹಿಟ್ಟು. ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುತ್ತಾರಲ್ಲ, ಅದೇ ಕಾಯಿ. ಎಲೆ ಹಾಸಿದ ಗುಂಡಿಯಲ್ಲಿ ಅದನ್ನು ಹುಗಿದು ಹುಳಿಬರಿಸಿ, ಬರಗಾಲಕ್ಕೆಂದು ವರ್ಷಗಟ್ಟಲೆ ಕಾಪಿಡುವುದು ಅಲ್ಲಿನ ರೂಢಿ. ಕ್ರೂಕ್ ಅದನ್ನು ತಿಂದು ಹೊಂದಿಕೊಂಡ. ಹ್ಯಾರಿಸನಿಗೆ ಅದು ಗಂಟಲಿಗಿಳಿಯಲಿಲ್ಲ. ಒಂದು ದಿನ ತೆನಾಯೆ ಕ್ರೂಕ್‌ನನ್ನು ಕರೆದುಕೊಂಡು ಬೇರೊಂದು ಕಣಿವೆಗೆ ಹೋದ. ಹಿಂದೆ ಉಳಿದ ಹ್ಯಾರಿಸನ ಸಂಗಾತಕ್ಕೆ, ಅಲ್ಲಿನ ಪದ್ಧತಿಯಂತೆ, ತನ್ನ ಹೆಂಡತಿಯನ್ನೇ ಬಿಟ್ಟುಹೋದ! ಹ್ಯಾರಿಸ್ ಆಕೆಯ ಕಡೆ ತಿರುಗಿಯೂ ನೋಡದಿದ್ದಾಗ, ಈತ ಗಂಡಸು ಹೌದೋ ಅಲ್ಲವೋ ಎಂದು ಹೆಂಗಸರಿಗೆ ಅನುಮಾನ ಬಂತು. ರಾತ್ರಿ ಅವನು ಮಲಗಿದ್ದಾಗ ಪರೀಕ್ಷಿಸಲು ಬಂದೇಬಿಟ್ಟರು. ಹೆದರಿ ಓಡಿದ ಆತ, ತನ್ನ ಪೆಟ್ಟಿಗೆಯೊಡನೆ ಸಮುದ್ರತೀರ ಸೇರಿ, ಹಡಗಿನವರು ಬಂದು ಕಾಪಾಡಲೆಂದು ಕಾದು ಕುಳಿತ. ಮತ್ತೆ ಆ ದ್ವೀಪದಲ್ಲಿ ನಿಲ್ಲಲಿಲ್ಲ.

ಹ್ಯಾರಿಸನನ್ನು ಕಂಡು ನಗುವುದು ಸುಲಭ. ನಾವಾಗಿದ್ದರೆ ಏನು ಮಾಡುತ್ತಿದ್ದೆವೋ! ಕ್ರೂಕ್ ಮಾತ್ರ, ಒಬ್ಬನೇ ಆದರೂ ಸರಿ, ಇರುತ್ತೇನೆ ಎಂದ. ತಿಂಗಳ ಕೊನೆಗೆ ಹಡಗು ಹೊರಟುಹೋಯಿತು. ಇನ್ನೊಂದು ಹಡಗು ಯಾವಾಗ ಬಂದೀತೆಂದು ಹೇಳುವವರಿಲ್ಲ. ಊರಿಗೆ ಒಂದು ಕಾಗದ ಬರೆದರೂ ಒಯ್ಯುವವರಿಲ್ಲ.

ಕಲಿಸಲು ಹೋದವನು ಈಗ ಎಳೆಯ ಮಗುವಿನಂತೆ ಎಲ್ಲವನ್ನೂ ಕಲಿಯಬೇಕಾಯಿತು. ‘ತಪು’ ಎಂಬ ಕಟ್ಟುಪಾಡು ಅಲ್ಲಿನ ಬದುಕನ್ನೆಲ್ಲ ಆಳುತ್ತಿತ್ತು. ಯಾವುದನ್ನು ಮುಟ್ಟಬಾರದು, ಯಾರ ಜೊತೆ ಉಣ್ಣಬಾರದು, ಯಾವ ಜಾಗಕ್ಕೆ ಕಾಲಿಡಬಾರದು ಎಂಬ ನೂರೆಂಟು ನಿಯಮ. ಮಡಿಮೈಲಿಗೆ ನೋಡಿದ ನಮ್ಮ ಅಜ್ಜಿಯರಿಗೆ ಇದು ಅಷ್ಟೇನೂ ಹೊಸದೆನಿಸುತ್ತಿರಲಿಲ್ಲ. ಇಂಗ್ಲಿಷಿನ ‘ಟಬೂ’ ಎಂಬ ಶಬ್ದ ಬಂದದ್ದು ಈ ಕಡೆಯ ದ್ವೀಪಗಳಿಂದಲೇ. ಇನ್ನು ಭಾಷೆ. ಅದರಲ್ಲಿ ಒತ್ತಕ್ಷರವೇ ಇಲ್ಲ, ಪದಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ. ‘ಬಸ್’ ಅನ್ನು ‘ಬಸ್ಸು’ ಮಾಡಿಕೊಳ್ಳುವ ನಮಗೆ ಅದು ಹಿಡಿಸೀತು. ‘ಕ್ರೂಕ್’ ಎಂಬ ಹೆಸರನ್ನು ಹೇಳಲು ಪಾಪ, ಆ ಜನ ಎಷ್ಟು ಒದ್ದಾಡಿದರೋ!

ಅವನ ಮೂಲ ಉದ್ದೇಶ ನೆರವೇರಲಿಲ್ಲ. ಒಬ್ಬನೇ ಒಬ್ಬ ದ್ವೀಪವಾಸಿಯೂ ಕ್ರೈಸ್ತನಾಗಲಿಲ್ಲ. 1798ರಲ್ಲಿ ಅತ್ತ ಬಂದ ಹಡಗೊಂದನ್ನು ಏರಿದವನು ಗಾಳಿಯ ದೆಸೆಯಿಂದ ಮರಳಲಾಗದೆ, ನುಕುಹಿವ ಎಂಬ ಮತ್ತೊಂದು ದ್ವೀಪದಲ್ಲಿ ಇಳಿದು ಕೆಲವು ತಿಂಗಳು ಬದುಕಿದ. 1799ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದ ಮೇಲೆ, ಕಂಡದ್ದು ಕೇಳಿದ್ದನ್ನೆಲ್ಲ ಬರೆಯಿಸಿದ. ಅಲ್ಲಿನ ನುಡಿಗೆ ಒಂದು ಪದಕೋಶವೂ ಸಿದ್ಧವಾಯಿತು. ಆದರೆ ಆ ಬರಹಗಳು ಅಚ್ಚಾಗದೆ ಸುಮಾರು ಇನ್ನೂರು ವರ್ಷ ಹಸ್ತಪ್ರತಿಗಳಾಗಿಯೇ ಉಳಿದವು.

ಅಷ್ಟರಲ್ಲಿ ಸಿಡುಬು, ಕ್ಷಯದಂಥ ರೋಗಗಳು ಹೊರಗಿನವರ ಜೊತೆ ಬಂದವು. ಕ್ರೂಕ್ ಇಳಿದಾಗ ಹತ್ತಾರು ಸಾವಿರ ಜನರಿದ್ದ ಆ ದ್ವೀಪಗಳಲ್ಲಿ 1920ರ ದಶಕಕ್ಕೆ ಉಳಿದವರು ಸುಮಾರು ಎರಡು ಸಾವಿರ. ತಮ್ಮ ಹಿರಿಯರು ಏನು ಉಣ್ಣುತ್ತಿದ್ದರು, ಹೇಗೆ ಮಾತಾಡುತ್ತಿದ್ದರು ಎಂದು ತಿಳಿಯಬಯಸುವ ಮಾರ್ಕೇಸಸ್‌ನವರಿಗೆ ಇಂದು ದೊರೆಯುವ ಅತಿ ಹಳೆಯ ದಾಖಲೆಗಳಲ್ಲಿ ಆ ಹುಡುಗ ಹೇಳಿ ಬರೆಯಿಸಿದ್ದೂ ಒಂದು.